ಮಟಕಾ ಕುಲ್ಫಿ: ಹಾಲಿಗಿಂತ ಐಸ್ ಕಡೆ ನೋಡಿ

ಹಾಲು ಬತ್ತಿಸಲು ಒಂದೂವರೆ ಗಂಟೆ ಒಲೆ ಮುಂದೆ ನಿಲ್ಲುವವರು, ಮಡಕೆಯಲ್ಲಿ ಕುಲ್ಫಿ ಅಚ್ಚಿನ ಸುತ್ತ ಐಸ್, ಉಪ್ಪು ತುಂಬಲು ಐದು ನಿಮಿಷ ಕೊಡುವುದಿಲ್ಲ. ಮೂರು ಗಂಟೆ ಬಿಟ್ಟು ಅಚ್ಚಿನ ಮುಚ್ಚಳ ತೆಗೆದರೆ ಒಳಗೆ ಗಂಜಿ.

ಒಂದು ಲೀಟರ್ ಗಟ್ಟಿ ಹಾಲನ್ನು ದಪ್ಪ ತಳದ ಪಾತ್ರೆಯಲ್ಲಿ 450 ಮಿಲಿಗೆ ಇಳಿಸಿ, 60 ಗ್ರಾಂ ಸಕ್ಕರೆ, ಏಲಕ್ಕಿ, ಪಿಸ್ತಾ ಹಾಕಿ. ಸಕ್ಕರೆ ಹೆಚ್ಚಾದಷ್ಟೂ ಹಾಲು ಗಟ್ಟಿಯಾಗಲು ಹಟ ಮಾಡುತ್ತದೆ. ಕಾರ್ನ್‌ಫ್ಲೋರ್ ಬೇಡವೇ ಬೇಡ, ನಾಲಿಗೆಗೆ ಅಂಟುತ್ತದೆ. ಪ್ಯಾಕೆಟ್ ಮಿಕ್ಸ್ ಅಂತೂ ಎಸೆನ್ಸ್ ವಾಸನೆಯೇ. ತಣಿದ ಹಾಲನ್ನು ಎರಡು ಗಂಟೆ ಫ್ರಿಜ್ಜಿನಲ್ಲಿಡಿ. 30 ಡಿಗ್ರಿಯಲ್ಲೇ ಅಚ್ಚಿಗೆ ಸುರಿದರೆ ಅದನ್ನು ಸೊನ್ನೆಗೆ ತರುವುದಕ್ಕೇ ಸುಮಾರು 150 ಗ್ರಾಂ ಐಸ್ ಕರಗಿಹೋಗುತ್ತದೆ.

ಅಚ್ಚು ಅಲ್ಯುಮಿನಿಯಂನದೇ ಇರಲಿ, ಪ್ಲಾಸ್ಟಿಕ್ ಶಾಖವನ್ನು ಬೇಗ ಬಿಟ್ಟುಕೊಡುವುದಿಲ್ಲ. ಮುಕ್ಕಾಲು ತುಂಬಿಸಿ, ಮುಚ್ಚಳದ ಸುತ್ತ ಗೋಧಿ ಕಣಕ ಮೆತ್ತಿ. ಒಂದು ಹನಿ ಉಪ್ಪುನೀರು ಒಳಹೊಕ್ಕರೂ ಆ ಕುಲ್ಫಿ ತಿನ್ನುವಂತಿರುವುದಿಲ್ಲ.

ಈಗ ಐಸ್. ಬರೀ ಐಸ್ ಕರಗುವಾಗ ಸೊನ್ನೆ ಡಿಗ್ರಿಯಲ್ಲೇ ನಿಲ್ಲುತ್ತದೆ. ಸಕ್ಕರೆ ಹಾಕಿದ ಹಾಲು ಹೆಪ್ಪುಗಟ್ಟಲು ಶುರುಮಾಡುವುದೇ ಅದಕ್ಕಿಂತ ಎರಡು ಮೂರು ಡಿಗ್ರಿ ಕೆಳಗೆ. ಹಾಗಾಗಿ ದಿನವಿಡೀ ಐಸಿನಲ್ಲಿ ಹೂತಿಟ್ಟರೂ ಅಷ್ಟೇ. ಉಪ್ಪು ಬಿದ್ದರೆ ಐಸ್ ಸೊನ್ನೆಗಿಂತ ಕೆಳಗೂ ಕರಗುತ್ತದೆ. ಒಂದು ಗ್ರಾಂ ಕರಗಲು 80 ಕ್ಯಾಲರಿ ಶಾಖ ಬೇಕು. ಅದನ್ನು ಅಚ್ಚಿನೊಳಗಿನ ಹಾಲಿನಿಂದ ಕಿತ್ತುಕೊಳ್ಳುತ್ತದೆ. ಮೂರು ಕಿಲೋ ಐಸಿಗೆ ಒಂದು ಕಿಲೋ ಕಲ್ಲುಪ್ಪು (ಮುಂಬೈಯ ಕಿರಾಣಿ ಅಂಗಡಿಯಲ್ಲಿ ಮರಾಠಿಯಲ್ಲಿ ಖಡೇ ಮೀಠ್ ಎನ್ನಿ). ಲೆಕ್ಕದ ಪ್ರಕಾರ ಮೈನಸ್ 21ರವರೆಗೆ ಇಳಿಯಬಹುದು, ಮನೆಯಲ್ಲಿ ಮೈನಸ್ 12 ಸಿಕ್ಕರೂ ಸಾಕು.

ಐಸ್ ಮಾರುವ ಬರ್ಫ್‌ವಾಲಾನಿಂದ ಲಾದಿ (ಐಸಿನ ದೊಡ್ಡ ಗಟ್ಟಿ) ತಂದು, ಗೋಣಿಯಲ್ಲಿ ಸುತ್ತಿ, ಅಡಿಕೆ ಗಾತ್ರಕ್ಕೆ ಒಡೆಯಿರಿ. ನೀಲಿ ಐಸ್ ಕೊಟ್ಟರೆ, ಅದು ತಿನ್ನುವುದಕ್ಕಲ್ಲ ಎಂದು ಗುರುತಿಸಲು 2018ರಿಂದ ಮಹಾರಾಷ್ಟ್ರದಲ್ಲಿ ಹಾಕಿಸುತ್ತಿರುವ ಬಣ್ಣ. ಶರಬತ್ತಿಗೆ ಹಾಕಬೇಡಿ. ಕುಲ್ಫಿಗೂ ಬಿಳಿಯದೇ ತನ್ನಿ.

ಮಡಕೆಯ ತಳಕ್ಕೆ ಮೂರು ಬೆರಳು ಐಸ್, ಮೇಲೆ ಒಂದು ಹಿಡಿ ಉಪ್ಪು. ಅಚ್ಚು ನಿಲ್ಲಿಸಿ, ಮತ್ತೆ ಐಸ್, ಮತ್ತೆ ಉಪ್ಪು. ಉಪ್ಪನ್ನೆಲ್ಲ ಕೊನೆಗೆ ಮೇಲಿಂದ ಸುರಿಯುವುದೇ ಎಲ್ಲರೂ ಮಾಡುವ ತಪ್ಪು: ಮೇಲಿನದು ಕರಗಿ, ತಳದ್ದು ಸುಮ್ಮನೆ ಕೂತಿರುತ್ತದೆ. ಬರಿಗೈ ಹಾಕಬೇಡಿ, ಚರ್ಮ ಸುಡುತ್ತದೆ. ಕೆಳಗೆ ನಿಂತ ನೀರನ್ನು ಬಸಿಯಬೇಡಿ. ಅಚ್ಚಿಗೆ ಸಂದಿಲ್ಲದೆ ತಾಗಿ ತಣಿಸುವುದು ಅದೇ. ಮುಚ್ಚಳದ ಮಟ್ಟಕ್ಕೆ ಏರಿದರೆ ಮಾತ್ರ ಒಂದು ಲೋಟ ತೆಗೆಯಿರಿ. ಮೊದಲ ಅರ್ಧ ಗಂಟೆ ಮಡಕೆಯನ್ನು ಆಗಾಗ ಅಲ್ಲಾಡಿಸಿದರೆ ಹರಳು ಸಣ್ಣದಾಗುತ್ತವೆ. ಆಮೇಲೆ ಗೋಣಿ ಹೊದಿಸಿ ಎರಡೂವರೆ ಗಂಟೆ ಬಿಡಿ. ಮುಂಬೈಯ ಮೇ ತಿಂಗಳಲ್ಲಿ ಮಡಕೆಯ ಹೊರಗೆ ನೀರಿಳಿದರೆ ಸೋರಿಕೆ ಎಂದು ಗಾಬರಿಯಾಗಬೇಡಿ, ಹೆಚ್ಚಿನದು ಗಾಳಿಯ ತೇವ.

ಅಚ್ಚನ್ನು ಮೊದಲು ನಲ್ಲಿ ನೀರಲ್ಲಿ ತೊಳೆಯಿರಿ, ಅಂಗೈಯಲ್ಲಿ ಹತ್ತು ಸೆಕೆಂಡ್ ಉರುಳಿಸಿ, ತಟ್ಟೆಗೆ ಕೊಡವಿ. ಉಳಿದ ಉಪ್ಪುನೀರು ಮೋರಿಗೆ, ತುಳಸಿ ಕುಂಡಕ್ಕಲ್ಲ.