ದೋಣಿ ಮಾರುವಾಗ ಮಮತೆಗೆ ಬೆಲೆ ಕಟ್ಟಬೇಡಿ

ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧದ ಅವಧಿಯಲ್ಲಿ ಯಾಂತ್ರಿಕ ದೋಣಿಗಳು ಕಾರವಾರದ ಬೈತಖೋಲ ಬಂದರಿನಲ್ಲಿ ನಿಂತಿರುವುದರಿಂದ, ಕೊಳ್ಳುವವರಿಗೆ ತಳವನ್ನು ನಿಧಾನವಾಗಿ ನೋಡಲು ಇದೇ ಸಮಯ. ಈ ವರ್ಷ ಮಾರುವ ಯೋಚನೆಯುಳ್ಳವರಿಗೆ ನನ್ನ ಅನುಭವದ ಒಂದು ಮಾತು.

ಅಪ್ಪ ಕಟ್ಟಿಸಿದ ದೋಣಿಗೆ ನಾನು ಹೇಳಿದ ಬೆಲೆಯಲ್ಲಿ ಮರ, ಎಂಜಿನ್, ಬಲೆಗಳಷ್ಟೇ ಅಲ್ಲದೆ, ಚುಕ್ಕಾಣಿಯ ಹಿಡಿಯಲ್ಲಿ ಅವರ ಅಂಗೈ ಸವೆಸಿದ ಗುಳಿಯೂ ಸೇರಿತ್ತು. ಬಂದವರು ಹಲಗೆಯನ್ನು ಬೆರಳಿನಿಂದ ತಟ್ಟಿ, ಸಂದುಗಳನ್ನು ನೋಡಿ, ತಲೆಯಾಡಿಸಿ ಹೋದರು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ನಿಂತಲ್ಲೇ ನಿಂತ ಎಂಜಿನ್ ಕೆಟ್ಟು, ಸಿಗಬಹುದಾಗಿದ್ದ ಬೆಲೆಯೂ ಇಳಿಯಿತು.

ಆದ್ದರಿಂದ ಬೆಲೆ ಹೇಳುವ ಮೊದಲು, ನಿಮ್ಮ ನೆಂಟನಲ್ಲದ ಬಡಿಗನಿಂದ ಹಲಗೆಗಳನ್ನೂ ಮೆಕ್ಯಾನಿಕ್‌ನಿಂದ ಎಂಜಿನ್ನನ್ನೂ ಬೇರೆ ಬೇರೆಯಾಗಿ ನೋಡಿಸಿ, ಅವರು ಹೇಳಿದ ಮೊತ್ತವನ್ನು ಬರೆದಿಟ್ಟುಕೊಳ್ಳಿ. ಹೆಸರಿನ ಹಲಗೆ, ದೇವರ ಪಟ, ಹಳೆಯ ದಿಕ್ಸೂಚಿ ಮುಂತಾಗಿ ನೆನಪಿಗೆ ಬೇಕಾದುದನ್ನು ಗಿರಾಕಿ ಬರುವ ಮೊದಲೇ ಮನೆಗೆ ಒಯ್ಯಿರಿ; ವ್ಯವಹಾರ ಕುದುರಿದ ಮೇಲೆ ಬಿಚ್ಚಲು ಹೋದರೆ ಜಗಳವಾಗುತ್ತದೆ. ನಾನಂತೂ ಆ ಹಿಡಿಯನ್ನು ಬಿಚ್ಚಿಸಿ ಹೊಸದನ್ನು ಹಾಕಿಸಿದೆ, ಖರ್ಚು ಅಲ್ಪ. ಮನೆಯ ಹಿರಿಯರಿಗೆ ಮನಸ್ಸಿಲ್ಲದಿದ್ದರೆ, ಅವರ ಕೈಯಿಂದಲೇ ಒಮ್ಮೆ ತೆಂಗಿನಕಾಯಿ ಒಡೆಸಿದ ಮೇಲೆ ಮಾತುಕತೆ ಆರಂಭಿಸಿ.

"ಅವರು ನಮ್ಮವರೇ" ಎಂಬ ದಾಕ್ಷಿಣ್ಯಕ್ಕೆ ಬಿದ್ದು ನೋಂದಣಿಯ ವರ್ಗಾವಣೆಯನ್ನು ಮಾತ್ರ ಬಾಕಿ ಉಳಿಸಬೇಡಿ. ಮೀನುಗಾರಿಕೆ ಇಲಾಖೆಯ ದಾಖಲೆಯಲ್ಲಿ ನಿಮ್ಮ ಹೆಸರೇ ಉಳಿದಿದ್ದರೆ, ಆ ದೋಣಿಯ ವಿಷಯದಲ್ಲಿ ಏನೇ ತಕರಾರು ಬಂದರೂ ವಿಚಾರಣೆ ಮೊದಲು ನಿಮ್ಮ ಬಾಗಿಲಿಗೇ ಬರುತ್ತದೆ. ವರ್ಗಾವಣೆ ಮುಗಿಯುವ ದಿನವೇ ಕೊನೆಯ ಕಂತು ಕೈಸೇರುವಂತೆ ಮೊದಲೇ ಮಾತಾಡಿಕೊಳ್ಳಿ.