ಎರಡನೆಯ ಭಾಗಕ್ಕಾಗಿ ನಾನು ಬರೆದ ಬೇಡಿಕೆಪಟ್ಟಿ

ಹ್ಯಾರಿ ಪಾಟರ್ ಕಥೆಗಳ ಮಾಯಾಲೋಕದಲ್ಲಿ ನಡೆಯುವ ಹಾಗ್ವಾರ್ಟ್ಸ್ ಲೆಗಸಿ ಗೇಮ್ 2023ರ ಫೆಬ್ರವರಿ 10ರಂದು ಬಿಡುಗಡೆಯಾಯಿತು. ನಾನು ಅದನ್ನು ಆಡಿ ಮುಗಿಸಲು ಐದು ವಾರ ಹಿಡಿಯಿತು. ಮುಗಿಸಿದ ರಾತ್ರಿಯೇ, ಮುಂದಿನ ಭಾಗ ಬಂದರೆ ಅದರಲ್ಲಿ ಏನೇನಿರಬೇಕು ಎಂದು ಒಂದೇ ಉಸಿರಿನಲ್ಲಿ ಒಂದು ಪಟ್ಟಿ ಬರೆದೆ. ನಲವತ್ತಮೂರು ಬೇಡಿಕೆಗಳಾದವು. ಪ್ರಕಾಶಕ ಸಂಸ್ಥೆಯವರು ಎರಡನೆಯ ಭಾಗವು ತಮ್ಮ ದೊಡ್ಡ ಆದ್ಯತೆಗಳಲ್ಲಿ ಒಂದು ಎಂದು 2024ರಲ್ಲಿ ಹೇಳಿದಾಗ, ಆ ಪಟ್ಟಿಯನ್ನು ತಿದ್ದಿ ಕಳುಹಿಸೋಣವೆಂದು ಹೊರತೆಗೆದು ಓದಿದೆ. ಅರ್ಧಕ್ಕಿಂತ ಹೆಚ್ಚು ಸಾಲುಗಳು 'ಇನ್ನಷ್ಟು' ಎಂಬ ಒಂದೇ ಮಾತಿನಿಂದ ಶುರುವಾಗಿದ್ದವು. ಇನ್ನಷ್ಟು ದೊಡ್ಡ ಮ್ಯಾಪ್, ಇನ್ನಷ್ಟು ಮಂತ್ರಗಳು, ಇನ್ನಷ್ಟು ಬಗೆಯ ಶತ್ರುಗಳು, ಇನ್ನಷ್ಟು ಉಡುಪುಗಳು. ಅವು ಏಕೆ ಬೇಕು, ಅವಿಲ್ಲದೆ ನನಗೆ ಆಟದಲ್ಲಿ ಏನು ಕೊರತೆಯಾಯಿತು ಎಂದು ಕೇಳಿಕೊಂಡರೆ ಬಹುಪಾಲು ಸಾಲುಗಳಿಗೆ ನನ್ನ ಬಳಿ ಉತ್ತರವೇ ಇರಲಿಲ್ಲ.

ಗೇಮ್ ಪರೀಕ್ಷಕನಾಗಿ ಕೆಲಸ ಮಾಡುವ ಗೆಳೆಯನೊಬ್ಬನಿಗೆ ಪಟ್ಟಿಯನ್ನು ತೋರಿಸಿದೆ. ಅವನು ಎರಡು ನಿಮಿಷ ಓದಿ, "ಇದರಲ್ಲಿ ಬರೀ 'ಬೇಕು, ಬೇಕು' ಅಂತ ಇದೆ. 'ಹೀಗಾಯ್ತು' ಅಂತ ಒಂದು ಸಾಲಾದ್ರೂ ಎಲ್ಲಿದೆ ಮಾರಾಯ?" ಎಂದು ಕೇಳಿದ. ಆ ಮಾತು ನಾಟಿತು. ಹಳೆಯ ಸೇವ್ ಅನ್ನು ಬದಿಗಿಟ್ಟು, ಹೊಸ ಪಾತ್ರವನ್ನು ರಚಿಸಿಕೊಂಡು, ಪಕ್ಕದಲ್ಲೊಂದು ನೋಟ್‌ಬುಕ್ ಇಟ್ಟುಕೊಂಡು ಆಟವನ್ನು ಮೊದಲಿನಿಂದ ಮತ್ತೆ ಆಡಲು ಕುಳಿತೆ. ನಿಯಮ ಒಂದೇ. ಆಡುತ್ತಿರುವಾಗ ಮನಸ್ಸಿಗೆ ಏನಾದರೂ ಚುಚ್ಚಿದರೆ ಆ ಕ್ಷಣದಲ್ಲೇ ಆಟವನ್ನು ನಿಲ್ಲಿಸಿ, ಎಲ್ಲಿದ್ದೆ, ಏನು ಮಾಡಲು ಹೋದೆ, ಏನಾಯಿತು, ಏನಾಗುತ್ತದೆ ಎಂದುಕೊಂಡಿದ್ದೆ ಎಂಬ ನಾಲ್ಕು ಸಂಗತಿಗಳನ್ನು ಮಾತ್ರ ಬರೆಯಬೇಕು. ಪರಿಹಾರ ಬರೆಯುವಂತಿಲ್ಲ. ಅದೇನಿದ್ದರೂ ಮರುದಿನ, ಕಂಟ್ರೋಲರ್ ಕೈಯಲ್ಲಿ ಇಲ್ಲದಿರುವಾಗ.

ಪರಿಹಾರವನ್ನು ದೂರವಿಟ್ಟಿದ್ದಕ್ಕೆ ಕಾರಣವಿದೆ. ಬ್ರೆತ್ ಆಫ್ ದಿ ವೈಲ್ಡ್ ಎಂಬ ಗೇಮ್ 2017ರಲ್ಲಿ ಬಂದಾಗ, ಆಯುಧಗಳು ಬೇಗ ಮುರಿದುಹೋಗುತ್ತವೆ, ಈ ವ್ಯವಸ್ಥೆಯನ್ನೇ ತೆಗೆದುಹಾಕಿ ಎಂದು ಅನೇಕ ಆಟಗಾರರು ಬೇಡಿಕೊಂಡಿದ್ದರು. 2023ರಲ್ಲಿ ಬಂದ ಅದರ ಮುಂದಿನ ಭಾಗ ಟಿಯರ್ಸ್ ಆಫ್ ದಿ ಕಿಂಗ್‌ಡಮ್‌ನಲ್ಲಿ ಆಯುಧಗಳು ಮೊದಲಿನಂತೆಯೇ ಮುರಿಯುತ್ತವೆ. ಆದರೆ ಕೈಯಲ್ಲಿರುವ ಕೋಲಿಗೆ ಬಂಡೆಯನ್ನೋ, ಸತ್ತ ಶತ್ರುವಿನ ಕೊಂಬನ್ನೋ ಬೆಸೆದು ಹೊಸ ಆಯುಧ ಮಾಡಿಕೊಳ್ಳುವ ಶಕ್ತಿಯನ್ನು ಆಟಗಾರನಿಗೆ ಕೊಟ್ಟರು. ಆಟಗಾರರು ಹೇಳಿದ ನೋವು ನಿಜವಾಗಿತ್ತು, ಆದರೆ ಅವರು ಸೂಚಿಸಿದ ಮದ್ದು ಒಂದೇ ದಾರಿಯಾಗಿರಲಿಲ್ಲ. ನನ್ನ ಕೆಲಸ ನೋವನ್ನು ಸರಿಯಾಗಿ ಹೇಳುವುದು ಎಂದು ನಾನು ಅಲ್ಲಿಂದ ಕಲಿತೆ.

ಹಾಗ್ವಾರ್ಟ್ಸ್ ಮಾಯಾಶಾಲೆಯ ವಿದ್ಯಾರ್ಥಿಗಳು ಹೌಸ್ ಎಂಬ ನಾಲ್ಕು ಬಣಗಳಲ್ಲಿ ಹಂಚಿಹೋಗಿರುತ್ತಾರೆ. ಮೊದಲ ಬಾರಿ ರೇವನ್‌ಕ್ಲಾ ಹೌಸ್‌ನ ವಿದ್ಯಾರ್ಥಿಯಾಗಿ ಆಡಿದ್ದೆ, ಈ ಬಾರಿ ಹಫಲ್‌ಪಫ್ ಆರಿಸಿಕೊಂಡೆ. ಇಡೀ ಆಟದಲ್ಲಿ ಹೌಸ್‌ಗೊಂದರಂತೆ ಬದಲಾಗುವ ಕ್ವೆಸ್ಟ್, ಅಂದರೆ ಆಟ ನಮಗೆ ಒಪ್ಪಿಸುವ ಕಾರ್ಯ, ಒಂದೇ. ಹಫಲ್‌ಪಫ್ ವಿದ್ಯಾರ್ಥಿಗೆ ಮಾತ್ರ ಆ ಕ್ವೆಸ್ಟ್‌ನಲ್ಲಿ ನಿವೃತ್ತ ಅಧಿಕಾರಿಯೊಬ್ಬರ ಜೊತೆ ಅಜ್ಕಬಾನ್ ಸೆರೆಮನೆಯ ಒಳಗೆ ಹೋಗುವ ಅವಕಾಶ ಸಿಗುತ್ತದೆ. ಕಡಲಿನ ನಡುವಿನ ಕಲ್ಲಿನ ಕಟ್ಟಡ, ಮಂಕು ಬೆಳಕು, ಗಾಳಿಯಲ್ಲಿ ತೇಲುವ ಕಾವಲು ಪಿಶಾಚಿಗಳಾದ ಡಿಮೆಂಟರ್‌ಗಳು, ಕಂಬಿಗಳ ಹಿಂದೆ ಮತಿಗೆಟ್ಟ ಕೈದಿಗಳು. ಕೆಲವೇ ನಿಮಿಷಗಳ ಭೇಟಿಯಾದರೂ ಅದು ನನ್ನ ಮನಸ್ಸಿನಿಂದ ಹೋಗಲಿಲ್ಲ. ಹಿಂಸಿಸುವ, ವಶಮಾಡಿಕೊಳ್ಳುವ, ಕೊಲ್ಲುವ ಮೂರು ಅಕ್ಷಮ್ಯ ಶಾಪಗಳನ್ನು ಮನುಷ್ಯರ ಮೇಲೆ ಪ್ರಯೋಗಿಸಿದವರಿಗೆ ಆ ಲೋಕದ ಕಾನೂನು ವಿಧಿಸುವ ಶಿಕ್ಷೆ ಇದೇ ಸೆರೆಮನೆ.

ಆಟದಲ್ಲಿ ಮುಂದೆ ಸಾಗಿದ ಮೇಲೆ, ಅದೇ ವಿದ್ಯಾರ್ಥಿ ಸೆಬಾಸ್ಟಿಯನ್ ಎಂಬ ಸಹಪಾಠಿಯಿಂದ ಮೂರೂ ಅಕ್ಷಮ್ಯ ಶಾಪಗಳನ್ನು ಕಲಿಯಬಹುದು. ನಾನು ಕಲಿತೆ. ಶಾಪಗ್ರಸ್ತರಾದ ಶತ್ರುಗಳೆಲ್ಲರೂ ಕೊಲ್ಲುವ ಶಾಪವಾದ ಅವಾಡಾ ಕೆಡಾವ್ರಾದ ಒಂದೇ ಪ್ರಯೋಗಕ್ಕೆ ಒಟ್ಟಿಗೆ ಸಾಯುವ ವಿಶೇಷ ಕೌಶಲವೂ ಇದೆ, ಅದನ್ನೂ ಪಡೆದೆ. ಒಂದು ಶಿಬಿರದಲ್ಲಿದ್ದ ಅಷ್ಟೂ ಜನ ಕಳ್ಳಬೇಟೆಗಾರರನ್ನು ಹಾಗೆ ಕೊಂದು, ಪೊರಕೆ ಏರಿ ಶಾಲೆಗೆ ಮರಳಿ, ನೇರವಾಗಿ ಶಿಕ್ಷಕರೊಬ್ಬರ ಮುಂದೆ ನಿಂತೆ. ಅವರು ಎಂದಿನಂತೆಯೇ ನನ್ನನ್ನು ಬರಮಾಡಿಕೊಂಡರು. ಆ ದಿನ ನೋಟ್‌ಬುಕ್‌ನಲ್ಲಿ ಬರೆದದ್ದು ಇಷ್ಟು: "ಸೆರೆಮನೆಯನ್ನು ಕಣ್ಣಾರೆ ಕಂಡವನು ಅದೇ ಅಪರಾಧವನ್ನು ಮಾಡಿ ಬಂದಿದ್ದೇನೆ. ಯಾರಿಗೂ ಗೊತ್ತಿಲ್ಲ. ಕನಿಷ್ಠ ಒಬ್ಬರ ಮುಖವಾದರೂ ಬದಲಾಗುತ್ತದೆ ಎಂದುಕೊಂಡಿದ್ದೆ."

ಮೊದಲ ಪಟ್ಟಿಯಲ್ಲಿ ಇದೇ ಜಾಗದಲ್ಲಿ 'ಒಳ್ಳೆಯತನ, ಕೆಟ್ಟತನ ಅಳೆಯುವ ಮೀಟರ್ ಬೇಕು' ಎಂದು ಬರೆದಿದ್ದೆ. ಎಷ್ಟೋ ಆಟಗಾರರು ಇಂದಿಗೂ ಕೇಳುವುದು ಅದನ್ನೇ. ಎರಡನೆಯ ಬಾರಿ ಆಡಿದ ನಂತರ ನನಗೆ ಮೀಟರ್ ಬೇಡವೆನಿಸಿತು. ಪರದೆಯ ಮೂಲೆಯಲ್ಲೊಂದು ಕೆಂಪು ಗೆರೆ ಏರುವುದರಿಂದ ನನಗಾದ ಕೊರತೆ ತುಂಬುವುದಿಲ್ಲ. ಜೊತೆಗಿದ್ದು ಕಂಡ ಗೆಳತಿ ಮುಂದಿನ ಬಾರಿ ಕರೆದಾಗ ಬರಲು ಹಿಂಜರಿಯಬೇಕು, ಕಂಡವರು ಹೇಳಿದ ಸುದ್ದಿ ಒಬ್ಬರಿಂದ ಒಬ್ಬರಿಗೆ ಹರಡಬೇಕು, ಯಾರೂ ಕಾಣದಿದ್ದರೆ ಗುಟ್ಟು ಗುಟ್ಟಾಗಿಯೇ ಉಳಿಯಬೇಕು. ಲೆಕ್ಕ ಜನರ ನೆನಪಿನಲ್ಲಿರಬೇಕು.

ಇದೇ ಕೊರತೆ ಇನ್ನೂ ಚಿಕ್ಕ ರೂಪದಲ್ಲಿ ಶಾಲೆಯ ಹತ್ತಿರದ ಹಳ್ಳಿಯಾದ ಹಾಗ್ಸ್‌ಮೀಡ್‌ನ ಒಂದು ಮನೆಯಲ್ಲಿ ಎದುರಾಯಿತು. ರಾತ್ರಿಯ ಹೊತ್ತು. ಬಾಗಿಲಿಗೆ ಬೀಗ. ಅಲೋಹೊಮೊರಾ ಮಂತ್ರ ಹಾಕಿದರೆ ಬೀಗದ ಒಳಗಿನ ಚಕ್ರಗಳು ಪರದೆಯ ಮೇಲೆ ತೆರೆದುಕೊಳ್ಳುತ್ತವೆ. ಕಂಟ್ರೋಲರ್‌ನ ಒಂದು ಕಡ್ಡಿಯಿಂದ ಹಸಿರು ಬೆಳಕನ್ನೂ ಇನ್ನೊಂದರಿಂದ ಕೆಂಪು ಬೆಳಕನ್ನೂ ತಿರುಗಿಸಿ, ಒಳಗಿನ ಗಾಲಿಗಳು ಸುತ್ತತೊಡಗಿದ ಜಾಗದಲ್ಲಿ ಎರಡನ್ನೂ ಅಲುಗಾಡದಂತೆ ಹಿಡಿಯಬೇಕು. ನನಗೆ ಇಷ್ಟವಾದ ಚಟುವಟಿಕೆ ಅದು, ಕಳ್ಳತನದ ಆತಂಕ ಬೆರಳ ತುದಿಗೇ ಬರುತ್ತದೆ. ಬೀಗ ತೆರೆಯಿತು, ಒಳಗೆ ಹೋದೆ. ಮನೆಯೊಡತಿ ಒಲೆಯ ಪಕ್ಕ ನಿಂತಿದ್ದರು. ನಾನು ಅಲ್ಲೇ ಹೆಜ್ಜೆ ತಡೆದು ನಿಂತೆ. ಅವರು ಕದಲಲಿಲ್ಲ. ಅವರಿಂದ ನಾಲ್ಕು ಹೆಜ್ಜೆ ದೂರದಲ್ಲಿದ್ದ ಪೆಟ್ಟಿಗೆಯನ್ನು ತೆರೆದು ಒಳಗಿದ್ದದ್ದನ್ನು ತೆಗೆದುಕೊಂಡೆ. ಆಗಲೂ ಅವರು ಕದಲಲಿಲ್ಲ. ಹೊರಗೆ ಬೀಗದ ಮುಂದೆ ಹುಟ್ಟಿದ ಆತಂಕವೆಲ್ಲ ಆ ಒಂದು ಕ್ಷಣದಲ್ಲಿ ಇಳಿದುಹೋಯಿತು.

2011ರಲ್ಲಿ ಬಂದ ಸ್ಕೈರಿಮ್ ಗೇಮ್‌ನಲ್ಲಿ ಪರರ ಮನೆಗೆ ನುಗ್ಗಿದರೆ ಮನೆಯವರು ಹೊರಗೆ ಹೋಗೆಂದು ಎಚ್ಚರಿಸುತ್ತಾರೆ, ಹೋಗದಿದ್ದರೆ ಕಾವಲುಗಾರರು ಬರುತ್ತಾರೆ. ಹಳ್ಳಿಯ ಕೋಳಿಯೊಂದನ್ನು ಕೊಂದರೂ ಅದು ಅಪರಾಧವೆಂದು ದಾಖಲಾಗುತ್ತದೆ. ಒಂಬತ್ತು ಪ್ರಾಂತ್ಯಗಳಲ್ಲಿ ಒಂದೊಂದೂ ನಮ್ಮ ತಲೆಯ ಮೇಲಿನ ದಂಡವನ್ನು ಬೇರೆ ಬೇರೆಯಾಗಿ ಲೆಕ್ಕವಿಡುತ್ತದೆ. ಆ ವ್ಯವಸ್ಥೆಯಲ್ಲಿ ವಿಚಿತ್ರಗಳೂ ಇವೆ, ಸಾಕ್ಷಿಗಳನ್ನೆಲ್ಲ ಕೊಂದುಬಿಟ್ಟರೆ ದಂಡ ರದ್ದಾಗುತ್ತದೆ. ಆದರೂ ಅಲ್ಲಿ ಬೀಗ ಮುರಿಯುವಾಗ ಹಿಂದೆ ತಿರುಗಿ ನೋಡುವಂತಾಗುತ್ತದೆ. ಹಾಗಾಗಿ ನನ್ನ ಬೇಡಿಕೆ ಅಸಾಧ್ಯವಾದುದಲ್ಲ ಎಂಬ ಧೈರ್ಯದಿಂದ, ಆ ರಾತ್ರಿಯ ಘಟನೆಯನ್ನು ಇದ್ದದ್ದು ಇದ್ದ ಹಾಗೆ ಪಟ್ಟಿಗೆ ಸೇರಿಸಿದೆ. ಆಟಗಾರ ಇಲ್ಲಿ ಹದಿಹರೆಯದ ವಿದ್ಯಾರ್ಥಿ, ಆದ್ದರಿಂದ ಕಾವಲುಗಾರರು, ಕತ್ತಿವರಸೆ ಬೇಕಿಲ್ಲ. ಮನೆಯೊಡತಿ ಶಾಲೆಗೆ ದೂರು ಕೊಟ್ಟು, ನಮ್ಮ ಹೌಸ್‌ನ ಅಂಕ ಕಡಿತವಾದರೆ ಸಾಕು.

ಹೌಸ್ ಅಂಕಗಳ ವಿಚಾರಕ್ಕೆ ಬಂದರೆ ನನ್ನ ನೋಟ್‌ಬುಕ್‌ನ ಅತಿ ಹೆಚ್ಚು ಪುಟಗಳು ತುಂಬಿದ್ದು ಶಾಲೆಯ ಬಗ್ಗೆ. ಕೋಟೆಯನ್ನು ಕಟ್ಟಿದವರ ಶ್ರದ್ಧೆಗೆ ನಾನು ತಲೆಬಾಗುತ್ತೇನೆ. ಮೊದಲ ವಾರ ಕ್ವೆಸ್ಟ್‌ಗಳನ್ನು ಮರೆತು ಮೆಟ್ಟಿಲುಗಳನ್ನು ಹತ್ತಿ ಇಳಿಯುವುದರಲ್ಲೇ ಕಳೆದವನು ನಾನು. ಆದರೆ ಆ ಕೋಟೆಯಲ್ಲಿ ಶಾಲೆ ನಡೆಯುವುದಿಲ್ಲ. ತರಗತಿಗಳು ಕಥೆ ಕರೆದಾಗ ಒಮ್ಮೆ ನಡೆದು ಮುಗಿಯುತ್ತವೆ, ವೇಳಾಪಟ್ಟಿ ಇಲ್ಲ. ಮಧ್ಯರಾತ್ರಿ ಕಾರಿಡಾರ್‌ನಲ್ಲಿ ಓಡಾಡಿದರೂ ತಡೆಯುವವರಿಲ್ಲ, ಶಿಸ್ತು ನೋಡಿಕೊಳ್ಳುವ ಹಿರಿಯ ವಿದ್ಯಾರ್ಥಿಗಳಾದ ಪ್ರಿಫೆಕ್ಟ್‌ಗಳ ಕಣ್ಣು ತಪ್ಪಿಸಿ ನುಸುಳುವ ಸೊಗಸು ನಿಷಿದ್ಧ ಗ್ರಂಥವಿಭಾಗದಂಥ ಕೆಲವು ಕ್ವೆಸ್ಟ್‌ಗಳಿಗಷ್ಟೇ ಸೀಮಿತ. ಕೊನೆಯಲ್ಲಿ, 34ನೆಯ ಲೆವೆಲ್ ತಲುಪಿದ ಮೇಲೆ, ಹೆಚ್ಚು ಅಂಕ ಗಳಿಸಿದ ಹೌಸ್‌ಗೆ ಕೊಡುವ ಹೌಸ್ ಕಪ್‌ನ ಸಮಾರಂಭ ನಡೆಯುತ್ತದೆ, ನಾವು ಯಾವ ಹೌಸ್‌ನವರಾಗಿದ್ದರೂ ಗೆಲ್ಲುವುದು ನಮ್ಮದೇ ಹೌಸ್. ರೇವನ್‌ಕ್ಲಾ ಆಗಿ ಆಡಿದಾಗ ಆ ಗೆಲುವಿಗೆ ಎದೆ ಉಬ್ಬಿತ್ತು. ಹಫಲ್‌ಪಫ್ ಆಗಿ ಅದೇ ಸಮಾರಂಭದಲ್ಲಿ ಬಾವುಟಗಳ ಬಣ್ಣ ಬದಲಾಗಿದ್ದನ್ನು ಕಂಡಾಗ ಮೊದಲ ಗೆಲುವಿನ ಸಂತೋಷವೂ ಹೋಯಿತು. ಸೋಲುವ ಸಾಧ್ಯತೆ ಇರುವ ಕಪ್ ಬೇಕು ಎಂದು ಅಂದೇ ಬರೆದೆ. ವರ್ಷವಿಡೀ ಮಾಡಿದ ಒಳ್ಳೆಯದು, ಕೆಟ್ಟದ್ದು, ಬಿಟ್ಟ ತರಗತಿ, ಸಿಕ್ಕಿಬಿದ್ದ ರಾತ್ರಿ ಎಲ್ಲವೂ ಸೇರಿ ಅದು ತೀರ್ಮಾನವಾಗಬೇಕು.

ಪೊರಕೆ ಏರಿ ಹಾರುತ್ತ ಆಡುವ ಚೆಂಡಾಟವಾದ ಕ್ವಿಡಿಚ್ ಅನ್ನು ನಾನು ಈ ಬೇಡಿಕೆಯ ಒಳಗೇ ಇಟ್ಟೆ. ಮೊದಲ ಭಾಗದಲ್ಲಿ ಮುಖ್ಯೋಪಾಧ್ಯಾಯರು ಆ ವರ್ಷದ ಪಂದ್ಯಾವಳಿಯನ್ನು ರದ್ದು ಮಾಡಿದ್ದಾರೆ ಎಂಬ ಕಾರಣ ಕೊಟ್ಟಿದ್ದರು, 2024ರ ಸೆಪ್ಟೆಂಬರ್‌ನಲ್ಲಿ ಕ್ವಿಡಿಚ್‌ಗೆಂದೇ ಪ್ರತ್ಯೇಕ ಗೇಮ್ ಬಂತು. ಆಟಗಾರರು ಒಕ್ಕೊರಲಿನಿಂದ ಕೇಳುವುದು ಇದನ್ನೇ ಆದರೂ, ಮೂರು ಬಗೆಯ ಚೆಂಡುಗಳು, ತಂಡಕ್ಕೆ ಏಳು ಜನ, ಎಲ್ಲರೂ ಗಾಳಿಯಲ್ಲಿ ಎಲ್ಲ ದಿಕ್ಕಿಗೂ ಹಾರುವವರು ಎಂಬುದನ್ನು ಯೋಚಿಸಿದರೆ ಅದು ಆಟದೊಳಗೆ ಇನ್ನೊಂದು ಆಟವನ್ನೇ ಕಟ್ಟುವ ಕೆಲಸ. ವರ್ಷಕ್ಕೆ ನಾಲ್ಕೇ ಪಂದ್ಯಗಳಿದ್ದರೂ ಸರಿ, ಅವು ಶಾಲೆಯ ಕ್ಯಾಲೆಂಡರ್‌ನಲ್ಲಿ ನಿಗದಿಯಾಗಿರಲಿ, ಹಿಂದಿನ ದಿನ ಇಡೀ ಶಾಲೆ ಅದರದ್ದೇ ಮಾತಾಡಲಿ ಎಂದು ಕೇಳಿದೆ. ಆಡಲು ಇಷ್ಟವಿಲ್ಲದವರು ಗ್ಯಾಲರಿಯಲ್ಲಿ ಕುಳಿತು ನೋಡುವಂತಾದರೂ ನನಗೆ ತೃಪ್ತಿ.

ಇನ್‌ವೆಂಟರಿಯದ್ದು, ಅಂದರೆ ಸಿಕ್ಕ ವಸ್ತುಗಳನ್ನು ಇಟ್ಟುಕೊಳ್ಳುವ ಚೀಲದ್ದು, ಬೇರೆ ಕಥೆ. ಉಡುಪು ಇಟ್ಟುಕೊಳ್ಳಲು ಆರಂಭದಲ್ಲಿ 20 ಸ್ಥಾನಗಳಷ್ಟೇ ಇರುತ್ತವೆ. ಬಯಲಲ್ಲಿ ಹರಡಿರುವ ಮರ್ಲಿನ್ ಪರೀಕ್ಷೆಗಳೆಂಬ ಒಗಟುಗಳನ್ನು ಬಿಡಿಸುತ್ತ ಹೋದರೆ ಅವು 40ರವರೆಗೆ ಏರುತ್ತವೆ. ಇಂತಹ ಪರೀಕ್ಷೆಗಳು ಒಟ್ಟು 95 ಇದ್ದರೂ ಅವುಗಳ ಬಗೆಗಳು ಒಂಬತ್ತೇ. ಮೊದಲ ಪಟ್ಟಿಯಲ್ಲಿ 'ಇನ್ನಷ್ಟು ಸ್ಥಾನ, ಜೊತೆಗೊಂದು ಪೆಟ್ಟಿಗೆ' ಎಂದು ಬರೆದಿದ್ದೆ. ದಿ ವಿಚರ್ 3 ಗೇಮ್‌ನಲ್ಲಿ ಆಟಗಾರರು ಹೀಗೆಯೇ ಕೇಳಿ, ಬಿಡುಗಡೆಯಾದ ವರ್ಷವೇ, ಅಂದರೆ 2015ರ ಜುಲೈನಲ್ಲಿ, ಒಂದು ಪ್ಯಾಚ್ (ಗೇಮ್‌ನ ತಿದ್ದುಪಡಿ) ಮೂಲಕ ಸಂಗ್ರಹದ ಪೆಟ್ಟಿಗೆಯನ್ನು ಪಡೆದರು, ಅಲ್ಲಿ ಅದು ಸರಿಯಾದ ಪರಿಹಾರವೇ ಆಗಿತ್ತು. ಆದರೆ ಇಲ್ಲಿ ನನ್ನ ಟಿಪ್ಪಣಿಗಳು ಬೇರೆಯದನ್ನೇ ಹೇಳಿದವು. ಗುಹೆಯ ಕೊನೆಯ ಪೆಟ್ಟಿಗೆಯನ್ನು ತೆರೆದಾಗಲೆಲ್ಲ ಸಿಗುತ್ತಿದ್ದದ್ದು ಇನ್ನೊಂದು ಕೈಗವಸು, ಇನ್ನೊಂದು ಕನ್ನಡಕ, ಅದರ ಬಲ ತೋರಿಸುವ ಸಂಖ್ಯೆ ಹಿಂದಿನದಕ್ಕಿಂತ ತುಸು ಹೆಚ್ಚು. ಒಮ್ಮೆ ಸಿಕ್ಕ ಉಡುಪಿನ ರೂಪವನ್ನು ಯಾವಾಗ ಬೇಕಾದರೂ ತೊಡಬಹುದಾದ್ದರಿಂದ, ಉಳಿಯುವುದು ಸಂಖ್ಯೆಯೊಂದೇ. ಇಟ್ಟುಕೊಳ್ಳಲು ಜಾಗ ಸಾಲದ್ದಕ್ಕಿಂತ, ಇಟ್ಟುಕೊಳ್ಳಬೇಕೆನಿಸುವ ವಸ್ತು ಸಿಗದಿದ್ದುದೇ ನನ್ನನ್ನು ಕಾಡಿದ್ದು. ಹತ್ತು ಗುಹೆಗಳಲ್ಲಿ ಒಂದರಲ್ಲಾದರೂ ಒಂದು ಹಳೆಯ ಪತ್ರ, ಯಾರೋ ಬಿಟ್ಟುಹೋದ ಮಂತ್ರದಂಡ, ಊರಿನ ಒಬ್ಬರಿಗೆ ಹಿಂದಿರುಗಿಸಬಹುದಾದ ಕಳೆದುಹೋದ ವಸ್ತು ಸಿಗಲಿ ಎಂದು ಬೇಡಿಕೆಯನ್ನು ತಿದ್ದಿದೆ.

ದೊಡ್ಡ ಮ್ಯಾಪ್ ಎಂಬ ಸಾಲನ್ನು ಪೂರ್ತಿ ಹೊಡೆದುಹಾಕಿದೆ. ನೋಟ್‌ಬುಕ್‌ನಲ್ಲಿ ದಕ್ಷಿಣದ ಕಡಲತೀರಕ್ಕೆ ಸಿಕ್ಕಿದ್ದು ಒಂದೇ ಪುಟ, ಅದೂ ಅರ್ಧ ಖಾಲಿ. ಅಲ್ಲಿ ಬೇಸರವಾಯಿತೇ ಹೊರತು, ಬರೆಯುವಂಥದ್ದೇನೂ ನಡೆಯಲಿಲ್ಲ. ಹೊಸ ಮಂತ್ರಗಳನ್ನೂ ಕೈಬಿಟ್ಟೆ. ಕಾದಾಟದಲ್ಲಿ ಹಳದಿ, ನೇರಳೆ, ಕೆಂಪು ಕವಚಗಳನ್ನು ಮುರಿಯಲು ಅದದೇ ಬಣ್ಣದ ಮಂತ್ರ ಬಳಸುವ ಲಯ ನನಗೆ ಎರಡನೆಯ ಸಲವೂ ಹಿಡಿಸಿತು.

ಜೊತೆಗಾರ ಸಹಪಾಠಿಗಳ ಕುರಿತ ಬೇಡಿಕೆಯನ್ನು ಹೇಗೆ ಬರೆಯಬೇಕೆಂದು ಬಹಳ ದಿನ ಯೋಚಿಸಿದೆ. ನ್ಯಾಟಿ, ಪಾಪಿ, ಸೆಬಾಸ್ಟಿಯನ್ ಮೂವರೂ ಮನಸ್ಸಿಗೆ ಹತ್ತಿರವಾಗುವ ಪಾತ್ರಗಳು, ಆದರೆ ಅವರು ನಮ್ಮೊಡನೆ ಬರುವುದು ತಮ್ಮ ತಮ್ಮ ಕ್ವೆಸ್ಟ್‌ಗಳಲ್ಲಿ ಮಾತ್ರ. ಎಲ್ಲೆಡೆಗೂ ಬರಲಿ ಎಂದು ಕೇಳುವುದು ಸುಲಭ. ಹಾಗೆ ಬಂದರೆ ಪ್ರತಿ ಜಾಗಕ್ಕೂ ಮಾತು ಬರೆಯಬೇಕು, ಧ್ವನಿ ದಾಖಲಿಸಬೇಕು, ಇಲ್ಲವಾದರೆ ಹೇಳಿದ್ದನ್ನೇ ಹೇಳಿ ತಲೆಚಿಟ್ಟು ಹಿಡಿಸುತ್ತಾರೆ. ಹಾಗಾಗಿ ಒಂದನ್ನೇ ಕೇಳಿದೆ: ಶಾಲೆಯಿಂದ ಹಾಗ್ಸ್‌ಮೀಡ್‌ಗೆ ಹೋಗುವ ದಾರಿಯಲ್ಲಾದರೂ ಒಬ್ಬ ಗೆಳೆಯನನ್ನು ಕರೆದುಕೊಂಡು ನಡೆಯುವಂತಿರಲಿ, ಆ ದಾರಿಯುದ್ದಕ್ಕೂ ಹಿಂದಿನ ವಾರ ನಾವಿಬ್ಬರೂ ಮಾಡಿದ್ದರ ಬಗ್ಗೆ ಅವನು ಮಾತಾಡಲಿ.

ನಲವತ್ತಮೂರು ಸಾಲುಗಳ ಪಟ್ಟಿ ಏಳಕ್ಕೆ ಇಳಿಯಿತು, ಆದರೆ ಒಂದೊಂದರ ಕೆಳಗೂ ನಡೆದ ಘಟನೆಯ ವಿವರವಿದ್ದುದರಿಂದ ಪುಟಗಳು ಹೆಚ್ಚಾದವು. ಬಿಡುಗಡೆಯಾಗಿ ಒಂದು ವರ್ಷ ಕಳೆದ ಮೇಲೂ, 2024ರ ಜೂನ್‌ನಲ್ಲಿ, ಆಟಗಾರರು ಕೇಳಿಕೊಂಡಿದ್ದ ಫೋಟೊ ಮೋಡ್ ಮತ್ತು ಕೌಶಲಗಳನ್ನು ಮರುಹಂಚಿಕೊಳ್ಳುವ ಅವಕಾಶವನ್ನು ಸೇರಿಸಿದ್ದನ್ನು ಕಂಡಿದ್ದೆ, ಹಾಗಾಗಿ ಓದುವವರು ಯಾರೋ ಇದ್ದಾರೆ ಎಂಬ ನಂಬಿಕೆಯಿಂದ ಕಳುಹಿಸಿದೆ. ಏಳನೆಯದು ಅತ್ಯಂತ ಚಿಕ್ಕ ಬೇಡಿಕೆ, ಅದನ್ನು ಕೊನೆಯಲ್ಲಿಟ್ಟೆನಾದರೂ ನನಗೆ ಅದೇ ಹೆಚ್ಚು ಪ್ರಿಯ. ನಮ್ಮ ಹೌಸ್‌ನ ವಸತಿಯಲ್ಲಿ ಹಾಸಿಗೆಗಳಿವೆ, ಆದರೆ ಮಲಗಲು ಆಗುವುದಿಲ್ಲ. ರಾತ್ರಿ ಕಳೆಯಬೇಕಾದರೆ ಮ್ಯಾಪ್ ತೆರೆದು ಒಂದು ಬಟನ್ ಒತ್ತಬೇಕು. ಹಾಗಾಗಿ ಎರಡೂ ಬಾರಿ ಆಡಿದಾಗ ಕಥೆ ಕರೆದುಕೊಂಡು ಹೋದದ್ದನ್ನು ಬಿಟ್ಟರೆ ನಾನಾಗಿಯೇ ಆ ಕೋಣೆಗೆ ಹೋದದ್ದು ಎರಡೋ ಮೂರೋ ಬಾರಿ. ದಿನ ಮುಗಿದಾಗ ಅಲ್ಲಿಗೆ ನಡೆದು ಹೋಗಿ, ಹಾಸಿಗೆಯ ಮೇಲೆ ಮಲಗಿ, ಕಣ್ಣು ಮುಚ್ಚುವ ಮುನ್ನ ಪಕ್ಕದ ಹಾಸಿಗೆಯ ಹುಡುಗ ಆ ದಿನ ನಾನು ಮಾಡಿದ ಒಂದು ಕೆಲಸದ ಬಗ್ಗೆ ಒಂದು ಪ್ರಶ್ನೆ ಕೇಳುವಂತೆ ಮಾಡಿಕೊಡಿ ಎಂದು ಬರೆದಿದ್ದೇನೆ.