ಸೋಲಿಗರ ಪೋಡುಗಳಲ್ಲಿ ಮಕ್ಕಳ ಸಕ್ಕರೆ ತಪಾಸಣೆ: ನನ್ನ ಅನುಭವ

ಬಿಳಿಗಿರಿರಂಗನ ಬೆಟ್ಟದ ಸುತ್ತಲಿನ ಸೋಲಿಗರ ಪೋಡುಗಳಲ್ಲಿ (ಹಾಡಿಗಳಲ್ಲಿ) ಮಕ್ಕಳಿಗೆ ಸಕ್ಕರೆ ಕಾಯಿಲೆಯ ತಪಾಸಣೆ ಮಾಡುತ್ತೇನೆಂದಾಗ ಜೊತೆಯ ಸಿಸ್ಟರುಗಳೇ ಒಪ್ಪಲಿಲ್ಲ. ಕಡ್ಡಿಯಂತಿರುವ ಮಕ್ಕಳಿಗೆ ಎಲ್ಲಿಯ ಸಕ್ಕರೆ ಎಂದರು. ಆದರೆ ರಾಗಿ, ಕಾಡುಗೆಣಸು, ಸೊಪ್ಪು ಉಣ್ಣುತ್ತಿದ್ದ ಮನೆಗಳಲ್ಲಿ ಪಡಿತರದ ಅಕ್ಕಿಯೂ ಪೊಟ್ಟಣದ ತಿಂಡಿಯೂ ಹೆಚ್ಚಾಗಿರುವುದನ್ನು, ಕೈಕಾಲು ಸಣ್ಣಗಿದ್ದರೂ ಹೊಟ್ಟೆ ಮುಂದೆ ಬಂದ ಹುಡುಗರನ್ನು ನಾನು ಕಣ್ಣಾರೆ ಕಂಡಿದ್ದೆ.

ಮೊದಲ ವರ್ಷ ಹೆಚ್ಚುಕಡಿಮೆ 30,000 ರೂಪಾಯಿಯನ್ನು ಎಚ್‌ಬಿಎ1ಸಿ (ಎರಡು-ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತ) ಪರೀಕ್ಷೆಗೇ ಸುರಿದೆ. ಫಲಿತಾಂಶಗಳು ಒಂದಕ್ಕೊಂದು ತಾಳೆಯಾಗಲಿಲ್ಲ. ಸೋಲಿಗರಲ್ಲಿ ಸಿಕಲ್ ಸೆಲ್ (ಕೆಂಪು ರಕ್ತಕಣ ಕುಡುಗೋಲಿನಂತೆ ಬಾಗುವ ವಂಶಪಾರಂಪರ್ಯ ಕಾಯಿಲೆ) ಇರುವುದು ಗೊತ್ತಿದ್ದೂ ನಾನು ಯೋಚಿಸಿರಲಿಲ್ಲ: ಆ ಕಾಯಿಲೆಯಲ್ಲಿ ಕೆಂಪು ಕಣಗಳು ಬೇಗ ಸಾಯುವುದರಿಂದ ಅಂಕಿ ಸುಳ್ಳಾಗಿ ಇಳಿಯುತ್ತದೆ, ಕಬ್ಬಿಣಾಂಶದ ಕೊರತೆಯಿದ್ದರೆ ಸುಳ್ಳಾಗಿ ಏರುತ್ತದೆ. ಒಂದೇ ಪೋಡಿನಲ್ಲಿ ಎರಡೂ ಇದ್ದವು. ಆ ಹಣ ಹೋದದ್ದು ಇಂದಿಗೂ ನೋವಿನ ಸಂಗತಿ.

ಕೊನೆಗೆ ಕೈಹಿಡಿದದ್ದು ಹೊಲಿಗೆ ಅಂಗಡಿಯ ದಾರ. ಮಗುವಿನ ಎತ್ತರಕ್ಕೆ ದಾರ ಕತ್ತರಿಸಿ, ಎರಡಾಗಿ ಮಡಚಿ ಸೊಂಟಕ್ಕೆ ಸುತ್ತಿದಾಗ ತುದಿಗಳು ಕೂಡದಿದ್ದರೆ, ಅಂದರೆ ಸೊಂಟ ಎತ್ತರದ ಅರ್ಧಕ್ಕಿಂತ ದೊಡ್ಡದಿದ್ದರೆ, ಆ ಮಗುವನ್ನು ಪಕ್ಕಕ್ಕೆ ಕೂರಿಸುತ್ತೇನೆ. ಆಮೇಲೆ ಕತ್ತಿನ ಹಿಂಭಾಗ: ದೇಹದಲ್ಲಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡದಿದ್ದರೆ ಅಲ್ಲಿನ ಚರ್ಮ ಕಪ್ಪಾಗಿ ದಪ್ಪವಾಗುತ್ತದೆ. ಇಲ್ಲಿ ಬಣ್ಣವನ್ನು ನಂಬಿದರೆ ಮೋಸಹೋಗುತ್ತೇವೆ. ಬೆರಳಾಡಿಸಿದಾಗ ಚರ್ಮ ಮಖಮಲ್ಲಿನಂತೆ ದಪ್ಪವಾಗಿ ತಗಲಬೇಕು. ಒಬ್ಬ ತಾಯಿ ತೆಂಗಿನ ನಾರಿನಿಂದ ಮಗಳ ಕತ್ತನ್ನು ಗಾಯವಾಗುವಷ್ಟು ಉಜ್ಜಿ, “ಕೊಳೆ ಹೋಗ್ತಾನೇ ಇಲ್ಲ ಸಿಸ್ಟರ್” ಎಂದು ಕಣ್ಣೀರು ಹಾಕಿದ್ದಳು.

ಮೂರನೆಯದು ದಮ್ಮು ಅಳೆಯಲು 20 ಮೀಟರಿನ ಷಟಲ್ ಓಟ, ಎರಡು ಗೆರೆಗಳ ನಡುವೆ ಹೋಗಿಬಂದು ಓಡುವುದು. ಮೊದಲ ಸಲ ಇಳಿಜಾರಿನ ಅಂಗಳದಲ್ಲಿ, ಮಳೆ ನಿಂತ ಮರುದಿನ ಓಡಿಸಿ ಇಬ್ಬರ ಮೊಣಕಾಲಿನ ಚರ್ಮ ಕಿತ್ತುಬಂತು. ಅದಕ್ಕಿಂತ ದೊಡ್ಡ ತೊಡಕೆಂದರೆ ಗೆಳೆಯ ನಿಂತೊಡನೆ ಉಳಿದವರೂ ದಣಿಯದೆಯೇ ನಿಲ್ಲುತ್ತಿದ್ದರು. ಅದಕ್ಕೆ ನಾನು ಕಂಡುಕೊಂಡ ಉಪಾಯವನ್ನು ಜೊತೆಗೆ ಬಂದು ದುಡಿದವರಿಗಷ್ಟೇ ಹೇಳಿಕೊಡುತ್ತೇನೆ. ಸಿಕಲ್ ಸೆಲ್ ವರದಿ ನೋಡದೆ ಮಾತ್ರ ಯಾರನ್ನೂ ಓಡಿಸಬೇಡಿ; ಕಾಯಿಲೆಯಿರುವ ಮಗುವಿಗೆ ಆ ಓಟವೇ ಅಪಾಯ.

ಹಲಸಿನ ಕಾಲದಲ್ಲಿ ಒಬ್ಬ ಹುಡುಗನ ಗ್ಲುಕೋಮೀಟರ್ 240 ತೋರಿಸಿತು. ಸ್ಪಿರಿಟ್ ಹತ್ತಿಯಿಂದ ಬೆರಳು ಒರೆಸಿಯೇ ಚುಚ್ಚಿದ್ದೆ. ಅವನ ಅಂಗೈ ಮುಟ್ಟಿದರೆ ಹಲಸಿನ ಅಂಟು ಇನ್ನೂ ಇತ್ತು. ಸೋಪು ಹಾಕಿ ತೊಳೆಸಿ, ಒಣಗಿಸಿ ಮತ್ತೆ ನೋಡಿದಾಗ 90ರ ಆಸುಪಾಸು. ಅಂದಿನಿಂದ ಸೋಪು, ಬಕೆಟ್ ನೀರು ಇಲ್ಲದೆ ನಾನು ಚುಚ್ಚುವುದಿಲ್ಲ. ಕುತೂಹಲಕ್ಕೆ ನನ್ನ ಬೆರಳಿಗೇ ಜೇನು ಸವರಿ, ಸ್ಪಿರಿಟ್‌ನಿಂದ ಒರೆಸಿ ಪರೀಕ್ಷಿಸಿದೆ; ಆಗಲೂ ಅಂಕಿ ಹಾರಿತು.

ಪಕ್ಕಕ್ಕೆ ಕೂರಿಸಿದ ಮಕ್ಕಳಿಗೆ ಮಾತ್ರ ಆಶ್ರಮ ಶಾಲೆಯಲ್ಲಿ ಬೆಳಿಗ್ಗೆ ಆರಕ್ಕೆ, ಚಹಾಕ್ಕೆ ಮೊದಲೇ ಖಾಲಿ ಹೊಟ್ಟೆಯ ಪರೀಕ್ಷೆ. 100 ದಾಟಿದರೆ ರಕ್ತನಾಳದಿಂದ ರಕ್ತ, ಸಕ್ಕರೆ ಅಂಶ ಇಳಿಯದಂತೆ ಕಾಯುವ ಬೂದು ಮುಚ್ಚಳದ ಟ್ಯೂಬಿಗೆ. ಎರಡನೇ ವರ್ಷ ಸುಮಾರು 120 ಮಕ್ಕಳಿಗೆ ಖರ್ಚು ಆರು ಸಾವಿರ ದಾಟಲಿಲ್ಲ. ಹದಿನಾಲ್ಕೋ ಹದಿನೈದೋ ಮಕ್ಕಳು ಪಕ್ಕಕ್ಕೆ ಬಂದರು. ಲ್ಯಾಬಿನಲ್ಲೂ 100ರಿಂದ 125ರ ನಡುವೆ, ಅಂದರೆ ಸಕ್ಕರೆ ಕಾಯಿಲೆಯ ಹಿಂದಿನ ಹಂತದಲ್ಲಿ, ಉಳಿದವರು ಮೂವರು. ಅವರಲ್ಲಿ ಇಬ್ಬರು, ತೂಕ ನೋಡಿದರೆ ಯಾರೂ ಅನುಮಾನಿಸದ ತೆಳ್ಳಗಿನ ಮಕ್ಕಳು. ಅಂದು ಒಪ್ಪದಿದ್ದ ಸಿಸ್ಟರುಗಳ ಚೀಲದಲ್ಲಿ ಈಗ ದಾರದ ಉಂಡೆಯಿದೆ.